ನಿರಿಗೆ

ಫೋರ್ಟಿನ ರಾತ್ರಿಶಾಲೆಯಲ್ಲಿ ನಮ್ಮ ತರಗತಿಗೆ ಸಿಕ್ಕ ಗೋಡೆ
ಕಿಟಕಿಗೂ ಬೀರುವಿಗೂ ನಡುವೆ ಉಳಿದಷ್ಟು.
ಮೂಲವಸ್ತುಗಳ ಹಳೆಯ ಪಟ ಅಲ್ಲಿ ಹಿಡಿಸಲಿಲ್ಲವೆಂದು
ಯಾರೋ ಬಲದಂಚನ್ನು ಬೀರುವಿನ ಹಿಂದಕ್ಕೆ ಮಡಚಿದ್ದಾರೆ.
ಹನ್ನೊಂದು ವರ್ಷದಿಂದ ನಿಯಾನ್, ಆರ್ಗಾನ್, ಕ್ರಿಪ್ಟಾನ್
ಕತ್ತಲಲ್ಲಿ.
ಅವಕ್ಕೆ ಯಾರ ಜೊತೆಗೂ ಸೇರುವ ಚಟವಿಲ್ಲ, ಇರಲಿ ಬಿಡಿ
ಎಂದು ನಗಿಸಿ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಹಗಲು ಭಾಂಡುಪಿನ ಬಣ್ಣದ ಕಾರ್ಖಾನೆಯಲ್ಲಿ ಟೈಟಾನಿಯಂ ಪುಡಿ ತೂಗುವವನು,
ಸಂಜೆ ಏಳೂವರೆಗೆ ಕೈ ತೊಳೆದು ಮೇಷ್ಟ್ರಾಗುವವನು.
ಉಗುರಿನ ಸಂದಿಯ ಬಿಳಿ ಹೋಗುವುದಿಲ್ಲ.
ಸೀಮೆಸುಣ್ಣವೆಂದು ತಿಳಿದಿದ್ದಾರೆ ಇವರು.

ಸಾಬಣ್ಣ ಕುರ್ಲಾದ ಭಂಗಾರ ಅಂಗಡಿಯವನು.
ಯಾದಗಿರಿಯ ಅವ್ವನಿಗೆ ಫೋನಿನಲ್ಲಿ ಮಹಾಪ್ರಾಣ ಬಿಟ್ಟು ಹೇಳಿದ್ದಾನೆ;
ಮಗ ಬಂಗಾರದ ಅಂಗಡಿಯಲ್ಲಿದ್ದಾನೆಂದು ಅವಳು ಓಣಿಗೆಲ್ಲ ಸಾರಿದ್ದಾಳೆ.
ತಾಮ್ರವನ್ನು ಸದ್ದಿನಿಂದ, ಹಿತ್ತಾಳೆಯನ್ನು ಉಜ್ಜಿದ ವಾಸನೆಯಿಂದ,
ಸೀಸವನ್ನು ಅಂಗೈ ತಗ್ಗುವುದರಿಂದ ಹೇಳಬಲ್ಲವನು
ಪಟದ ಮುಂದೆ ಮಾತ್ರ ಬಾಯಿ ಕಟ್ಟಿ ನಿಲ್ಲುತ್ತಿದ್ದ.
ಅಲ್ಲಿ ಎಲ್ಲಕ್ಕೂ ಒಂದೇ ಅಳತೆಯ ಖೋಲಿ.

ಒಂದು ರಾತ್ರಿ ಕೇಳಿದ:
"ಸರ್, ಕೆಳಗಿನ ಈ ಎರಡು ಸಾಲು ಮನಿ ಬಿಟ್ಟು ಹೊರಗ ಯಾಕ ಮಲಗ್ಯಾವ?"
"ಜಾಗ ಸಾಲದು. ಹಾಳೆ ಅಷ್ಟು ಅಗಲ ಇರುವುದಿಲ್ಲ."
"ಅಷ್ಟೇ ಏನ್ರಿ?"
ಅಷ್ಟೇ.
ಅವನು ನಕ್ಕ. ಮುಂಬಯಿಯಲ್ಲಿ ಇದಕ್ಕಿಂತ ಪೂರ್ತಿ ಉತ್ತರ ಎಲ್ಲಿದೆ.

ಆಮೇಲಿನ ಶನಿವಾರ ತಂದ
ನಮ್ಮ ಕಾರ್ಖಾನೆಯದೇ ನಾಲ್ಕು ಲೀಟರಿನ ಡಬ್ಬ,
ಯಾರದೋ ಮನೆ ಬೆಳಗಿಸಿ ಭಂಗಾರಕ್ಕೆ ಬಂದದ್ದು.
ಬಿಲ್ಲಿನ ಯಂತ್ರದ ಸುರುಳಿ ಕಾಗದ, ಅದರ ಮೇಲೆ ಒಂದೇ ಸಾಲು,
ಒಂದರಿಂದ ನೂರ ಹದಿನೆಂಟು, ಎಲ್ಲೂ ತುಂಡಿಲ್ಲ.
ಡಬ್ಬಕ್ಕೆ ಸುತ್ತುತ್ತ ಹೋದ, ಸುತ್ತಿಗೆ ಎಂಟು ಮನೆ.
ಕ್ಯಾಲ್ಸಿಯಂ ತನಕ ಸರಾಗ. ಆಮೇಲೆ ಹತ್ತು ಹೆಚ್ಚಾಗಿ
ಕಾಗದ ಉಬ್ಬಿ ನಿಂತಿತು.
ನಾನು ಪಠ್ಯಪುಸ್ತಕದ ಕಡೆ ನೋಡಿದೆ.

ಹಿಂದಿನ ಬೆಂಚಿನಿಂದ ಜಲಜಾ ಕುಂದರ್ ಎದ್ದು ಬಂದಳು,
ಸಸೂನ್ ಡಾಕಿನಲ್ಲಿ ಬೆಳಗಿನಿಂದ ಸಿಗಡಿ ಸುಲಿದ ಬೆರಳು.
"ಎಂತ ಮಾರಾಯ, ಹೆಚ್ಚಾದರೆ ಕತ್ತರಿಸುವುದಾ? ನಿರಿಗೆ ಹಿಡಿ."
ತುಟಿಯಲ್ಲಿ ಪಿನ್ನು ಕಚ್ಚಿಕೊಂಡೇ ಹತ್ತನ್ನು ಹೊರಕ್ಕೆ ಮಡಿಸಿ ತಂದಳು;
ಗ್ಯಾಲಿಯಂ ಬಂದು ಅಲ್ಯೂಮಿನಿಯಮಿನ ಕೆಳಗೆ ನೆಟ್ಟಗೆ ಕೂತಿತು.
ಮುಂದಿನ ಸುತ್ತಿಗೂ ಹಾಗೆಯೇ. ಇನ್ನೂ ಕೆಳಗೆ
ಹೊರಗೆ ಮಲಗಿದ್ದ ಹದಿನಾಲ್ಕು, ಮತ್ತೆ ಹದಿನಾಲ್ಕು:
ನಿರಿಗೆಯೊಳಗೊಂದು ನಿರಿಗೆ.
ತುದಿಯ ಹೈಡ್ರೋಜನ್ ಮಾತ್ರ ಅಂಟದೆ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು.
"ಇರಲಿ ಬಿಡ್ರಿ ಸರ್, ಅದು ಬಾಗಲದಾಗ ಜೋತು ಬರ್ತದ."

ಆಗ ಕಂಡದ್ದು ನನಗೆ, ನಿಯಾನಿನ ಪಕ್ಕ ಸೋಡಿಯಂ.
ನನ್ನ ಪಟದಲ್ಲಿ ಒಂದು ಬೀರುವಿನ ಹಿಂದೆ, ಒಂದು ಕಿಟಕಿಯ ಬಳಿ,
ಚರ್ಚ್‌ಗೇಟ್ ಮತ್ತು ವಿರಾರ್.
ಡಬ್ಬದ ಮೇಲೆ ಒಂದು ಹೆಜ್ಜೆ.
ಯಾರನ್ನೂ ಮುಟ್ಟದವನ ಮಗ್ಗುಲಲ್ಲೇ
ನೀರು ತಾಕಿದರೆ ಉರಿದೇಳುವವನು, ನಡುವೆ ಒಂದೇ ಪ್ರೋಟಾನು.
ಮಗ್ಗಿಯ ಹಾಗೆ ಬಾಯಿಪಾಠ ಮಾಡಿ, ಮಾಡಿಸಿ
ನಲವತ್ತಾರು ದಾಟಿದವನ ಕಿವಿ ಬಿಸಿಯಾಯಿತು.

ಪರೀಕ್ಷೆಯಲ್ಲಿ ಮಾತ್ರ ಚಪ್ಪಟೆಯಾಗಿ ಬರೆಯಿರಿ, ಎಂದೆ.
"ಹೊರಗೆ ಮಲಗಿದವರನ್ನೂ?" ಜಲಜಾ ಕೇಳಿದಳು.
ಅವರನ್ನೂ.

ಒಂಬತ್ತೂವರೆಗೆ ಎಲ್ಲರೂ ಗಾಡಿಗೆ ಓಡಿದರು.
ಡಬ್ಬ ಮೇಜಿನ ಮೇಲೆ. ನಾನು ಬೀರುವನ್ನು ಒಂದು ಗೇಣು ಎಳೆದೆ.
ಪಟದ ಆ ಅಂಚು ಹಳದಿಯಾಗಿರಲಿಲ್ಲ, ನಿನ್ನೆ ಅಚ್ಚಾದಂತಿತ್ತು.
ಮಡಿಕೆಯಲ್ಲಿ, ಕ್ರಿಪ್ಟಾನಿಗೂ ಕ್ಸೆನಾನಿಗೂ ನಡುವೆ,
ಹಲ್ಲಿಯ ಎರಡು ಮೊಟ್ಟೆ.
ಉಸಿರು ಹಿಡಿದು
ಬೀರುವನ್ನು ಇದ್ದಲ್ಲಿಗೇ ಸರಿಸಿದೆ.